ಬಿಎಸ್ಸಿ ಸಿಬಿಜೆಡ್ ಮೊದಲ ವರ್ಷ: ವಾರ ಹೇಗಿರುತ್ತೆ, ಎಲ್ಲಿ ಎಡವುತ್ತಾರೆ?

ತುಂಬೆಹೂ:
ಎಲ್ಲರಿಗೂ ನಮಸ್ಕಾರ. ತಂಗಿ ಪಿಸಿಎಂಬಿಯಲ್ಲಿ ಪಿಯುಸಿ ಮುಗಿಸಿದ್ದಾಳೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬಿಎಸ್ಸಿಗೆ ಸೇರಿಸೋದು ಅಂತ ತೀರ್ಮಾನ ಆಗಿದೆ. ಎರಡು ಪ್ರಶ್ನೆ. ಒಂದು, ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ತಗೊಳ್ಳೋದಾ, ಇಲ್ಲ ಬಯೋಟೆಕ್ನಾಲಜಿ ಇರೋ ಕಾಂಬಿನೇಷನ್ನಾ? ಎರಡು, ಮೊದಲ ವರ್ಷದಲ್ಲಿ ನಿಜಕ್ಕೂ ಏನೇನಿರುತ್ತೆ? ಒಬ್ಬರು ಎರಡು ಮೇಜರ್ (ಮುಖ್ಯ ವಿಷಯ) ಅಂತಾರೆ, ಇನ್ನೊಬ್ಬರು ಮೂರು ಅಂತಾರೆ. ನಾಲ್ಕು ವರ್ಷ ಅನ್ನೋರೂ ಇದ್ದಾರೆ. ಪ್ರಾಕ್ಟಿಕಲ್ ಎಷ್ಟು, ಕಷ್ಟ ಯಾವುದು, ಮೊದಲೇ ಏನು ತಯಾರಿ ಮಾಡ್ಕೋಬೇಕು, ತಿಳಿದವರು ಹೇಳಿ.

ಅಂಕಪಟ್ಟಿ:
ಒಬ್ಬೊಬ್ಬರು ಒಂದೊಂದು ಹೇಳ್ತಿರೋದು ಅವರು ಓದಿದ ವರ್ಷ ಬೇರೆ ಬೇರೆ ಆದ್ದರಿಂದ. 2021-22ಕ್ಕೆ ಮೊದಲು ಸೇರಿದವರದು ಮೂರು ವಿಷಯ, ಮೂರು ವರ್ಷ. 2021-22ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ಮುಖ್ಯ ವಿಷಯ ಎರಡೇ, ಜೊತೆಗೆ ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ, ಬೇಕೆಂದವರಿಗೆ ನಾಲ್ಕನೇ ವರ್ಷ ಆನರ್ಸ್. 2024-25ರಿಂದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯಂತೆ ಮತ್ತೆ ಮೂರು ವರ್ಷ, ಮೂರು ವಿಷಯ. ಈಗ ಸೇರುವವರಿಗೆ ಇದೇ.

ಹಾಗಾಗಿ ಒಂದು ಸೆಮಿಸ್ಟರ್ ಅಂದರೆ: ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಮೂರಕ್ಕೂ ಒಂದೊಂದು ಥಿಯರಿ, ಒಂದೊಂದು ಪ್ರಾಕ್ಟಿಕಲ್. ಎರಡು ಭಾಷೆ. ಸಂವಿಧಾನ, ಪರಿಸರ ಅಧ್ಯಯನದಂಥ ಒಂದು ಕಡ್ಡಾಯ ಪತ್ರಿಕೆ. ಒಟ್ಟು ಆರು ಬರೆಯುವ ಪತ್ರಿಕೆ, ಮೂರು ಪ್ರಯೋಗ ಪರೀಕ್ಷೆ. ವರ್ಷಕ್ಕೆ ಇದರ ಎರಡರಷ್ಟು. ಕ್ರೆಡಿಟ್ ಲೆಕ್ಕ ಸುಲಭ: ವಾರಕ್ಕೆ ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಪ್ರಯೋಗಕ್ಕೆ ಒಂದು ಕ್ರೆಡಿಟ್.

ಲ್ಯಾಬ್ ಏಪ್ರನ್:
ಮೇಲಿನ ಲೆಕ್ಕ ಸರಿ. ಒಂದು ಸೇರಿಸ್ತೀನಿ, ಎನ್‌ಇಪಿಯಲ್ಲಿ ಥಿಯರಿ ಪರೀಕ್ಷೆಗೆ 60, ಆಂತರಿಕಕ್ಕೆ 40 ಅಂಕ ಇತ್ತು. ಈಗ ಹೆಚ್ಚಿನ ಕಡೆ 80-20. ಅಸೈನ್‌ಮೆಂಟ್ ಕೊಟ್ಟು ದಡ ಸೇರ್ತೀವಿ ಅನ್ನೋ ಕಾಲ ಹೋಯ್ತು. ಹಳೇ ಸೀನಿಯರ್ ನೋಟ್ಸ್ ತಗೊಳ್ಳುವಾಗ ಮೊದಲ ಪುಟದಲ್ಲಿ ಯಾವ ಸ್ಕೀಮ್ ಅಂತ ನೋಡಿಕೊಳ್ಳಿ. ಎನ್‌ಇಪಿಯಲ್ಲಿ ಪ್ರಾಣಿಶಾಸ್ತ್ರ ಶುರುವಾಗ್ತಿದ್ದದ್ದೇ ಕೋಶವಿಜ್ಞಾನ, ತಳಿವಿಜ್ಞಾನದಿಂದ. ಮೂರು ವಿಷಯದ ಸ್ಕೀಮ್‌ನಲ್ಲಿ ಹೆಚ್ಚಿನ ಕಡೆ ಅಕಶೇರುಕಗಳಿಂದ ಶುರು. ಹೆಸರು ಒಂದೇ, ಒಳಗೆ ಬೇರೆ.

ಬೀಕರ್250:
ಬಯೋಟೆಕ್ ತಗೊಳ್ಳಿ, ಕಣ್ಣು ಮುಚ್ಚಿ. ಬರೀ ಸಿಬಿಜೆಡ್‌ಗೆ ಈಗ ಏನಿದೆ?

ಅಂಕಪಟ್ಟಿ:
ಕಣ್ಣು ತೆರೆದೇ ತಗೊಳ್ಳಿ ಅಂತೀನಿ. ಪ್ರೌಢಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಜೀವವಿಜ್ಞಾನದ ಹುದ್ದೆಯನ್ನು ಜನ ಕರೆಯೋದೇ ಸಿಬಿಜೆಡ್ ಹುದ್ದೆ ಅಂತ. ಬಿಎಡ್ ಮಾಡುವ ಯೋಚನೆ ಕಿಂಚಿತ್ತಾದರೂ ಇದ್ದರೆ ಹಿಂದಿನ ನೇಮಕಾತಿ ಅಧಿಸೂಚನೆ ತೆಗೆದು, ಪದವಿಯಲ್ಲಿ ಯಾವ ಐಚ್ಛಿಕ ವಿಷಯ ಓದಿರಬೇಕು ಅನ್ನೋ ಕಲಂ ಓದಿ ಆಮೇಲೆ ಕಾಂಬಿನೇಷನ್ ತುಂಬಿ. ಸಸ್ಯಶಾಸ್ತ್ರದಲ್ಲಿ ಎಂಎಸ್ಸಿಗೆ ಪದವಿಯಲ್ಲಿ ಸಸ್ಯಶಾಸ್ತ್ರ ಇರಬೇಕು. ಆದರೆ ಬಯೋಟೆಕ್ನಾಲಜಿ ಎಂಎಸ್ಸಿಗೆ ಸಿಬಿಜೆಡ್‌ನವರನ್ನೂ ಸಾಮಾನ್ಯವಾಗಿ ತಗೊಳ್ತಾರೆ. ಅಂದರೆ ಸಿಬಿಜೆಡ್‌ನಿಂದ ಆಕಡೆಗೆ ಬಾಗಿಲು ಇದೆ, ಬಯೋಟೆಕ್ ತಗೊಂಡು ಬಿಟ್ಟ ವಿಷಯಕ್ಕೆ ವಾಪಸ್ ಬರೋ ಬಾಗಿಲು ಇಲ್ಲ.

ಬೀಕರ್250:
ಶಿಕ್ಷಕಿ ಆಗಲ್ಲ ಅಂದ್ರೆ? ಪಿಸಿಆರ್ (ಡಿಎನ್‌ಎ ಪ್ರತಿ ಹೆಚ್ಚಿಸೋದು), ಜೆಲ್ (ಡಿಎನ್‌ಎ ತುಂಡು ಬೇರ್ಪಡಿಸೋದು) ಕಲಿತವರಿಗೆ ಕಂಪನಿ ಕೆಲಸ ಬೇಗ ಸಿಗುತ್ತೆ. ಇದನ್ನೂ ಹೇಳಬೇಕಲ್ವಾ.

ಲ್ಯಾಬ್ ಏಪ್ರನ್:
ಹೇಳಬೇಕು, ಆದರೆ ಅದು ಮೊದಲ ವರ್ಷದ ಮಾತಲ್ಲ. ಮೊದಲ ವರ್ಷದ ಬಯೋಟೆಕ್ ಪ್ರಾಕ್ಟಿಕಲ್‌ನಲ್ಲೂ ಮಾಡಿಸೋದು ಸೂಕ್ಷ್ಮದರ್ಶಕ, ದ್ರಾವಣ ತಯಾರಿ, ಈರುಳ್ಳಿ ಬೇರು. ಜೆಲ್ ಓಡಿಸೋದು ಆಮೇಲೆ. ಅದೂ ಆ ಕಾಲೇಜಲ್ಲಿ ಯಂತ್ರ ಇದ್ದರೆ. ಕಾಂಬಿನೇಷನ್ ಹೆಸರು ನೋಡಿ ಮೋಹಗೊಳ್ಳಬೇಡಿ. ಸೇರೋಕೆ ಮುಂಚೆ ವಿಭಾಗಕ್ಕೇ ಹೋಗಿ ಕೇಳಿ: ಆಟೋಕ್ಲೇವ್ (ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ) ಕೆಲಸ ಮಾಡ್ತಿದೆಯಾ, ಒಂದು ಬ್ಯಾಚ್‌ಗೆ ಎಷ್ಟು ಸೂಕ್ಷ್ಮದರ್ಶಕ, ಕಾಯಂ ಅಧ್ಯಾಪಕರು ಎಷ್ಟು ಜನ. ಈ ಮೂರಕ್ಕೆ ಬರುವ ಉತ್ತರದಲ್ಲೇ ನಿಮ್ಮ ತಂಗಿಯ ಮೂರು ವರ್ಷ ಇದೆ.

ಬ್ಯುರೆಟ್:
ಕಾಂಬಿನೇಷನ್ ಚರ್ಚೆ ಮುಗಿಯೋದಲ್ಲ. ಎಡವೋದು ಎಲ್ಲಿ ಅಂತ ಕೇಳಿದ್ರಿ. ಜೀವಶಾಸ್ತ್ರಕ್ಕೆ ಬಂದವರು ಬೀಳೋದು ರಸಾಯನಶಾಸ್ತ್ರದಲ್ಲಿ. ಲಾಗ್ ಲೆಕ್ಕ, ಗ್ರಾಫಿನ ಇಳಿಜಾರು, ನಾರ್ಮಾಲಿಟಿ (ಲೀಟರಿಗೆ ಎಷ್ಟು ಸಮಾನ ತೂಕ ಕರಗಿದೆ ಅನ್ನೋ ಅಳತೆ) ಇಷ್ಟು ಕೈಗೆ ಬಂದಿರಲೇಬೇಕು. ಪಿಎಚ್ 3ಕ್ಕೂ 5ಕ್ಕೂ ಎರಡರ ವ್ಯತ್ಯಾಸವಲ್ಲ, ನೂರು ಪಟ್ಟು. ಇದು ತಲೆಗೆ ಹೋಗದಿದ್ದರೆ ಮುಂದೆ ಬಫರ್ ಪಾಠವೂ ಹೋಗಲ್ಲ, ಕಿಣ್ವದ ಪಾಠವೂ ಹೋಗಲ್ಲ.

ಪ್ರಯೋಗಾಲಯದಲ್ಲಿ ಮೊದಲ ಕೆಲಸ ಪ್ರಮಾಣ ದ್ರಾವಣ, ಅಂದರೆ ಸಾಂದ್ರತೆ ನಿಖರವಾಗಿ ಗೊತ್ತಿರೋ ದ್ರಾವಣ. 0.1 ನಾರ್ಮಲ್ ಸೋಡಿಯಂ ಕಾರ್ಬೊನೇಟ್ 250 ಮಿ.ಲೀ. ಬೇಕು ಅಂದ್ಕೊಳ್ಳಿ. ಸಮಾನ ತೂಕ 53. ಲೀಟರಿಗೆ 5.3 ಗ್ರಾಂ, 250 ಮಿ.ಲೀ.ಗೆ 1.325 ಗ್ರಾಂ. ಎಲ್ಲರೂ ಕರೆಕ್ಟಾಗಿ 1.325 ಬರಬೇಕು ಅಂತ ತಕ್ಕಡಿ ಮುಂದೆ ಅರ್ಧ ಗಂಟೆ ಕಳೀತಾರೆ. ಬೇಡ. 1.3 ಹತ್ತಿರ ತೂಗಿ, ಬಂದ ತೂಕ ಬರೆದುಕೊಳ್ಳಿ, 1.310 ಬಂದರೆ ನಾರ್ಮಾಲಿಟಿ 0.0989 ಅಂತ ಹಾಕಿ. ಪರೀಕ್ಷಕರಿಗೆ ಬೇಕಾದ್ದು ನಿಜವಾದ ತೂಕ, ಅದರಿಂದ ಹೊರಟ ಲೆಕ್ಕ.

ಇನ್ನೊಂದು ಸೋಲುವ ಜಾಗ ಪರ್ಮಾಂಗನೇಟ್ ಟೈಟ್ರೇಷನ್, ಬ್ಯುರೆಟ್‌ನಿಂದ ಅದನ್ನು ಹನಿಹನಿಯಾಗಿ ಆಕ್ಸಾಲಿಕ್ ಆಮ್ಲಕ್ಕೆ ಬಿಡೋದು. ಆಕ್ಸಾಲಿಕ್ ಆಮ್ಲವನ್ನು 60–70 ಡಿಗ್ರಿಗೆ ಬಿಸಿ ಮಾಡದೆ ಬಿಟ್ಟರೆ ಮೊದಲ ಹನಿಗಳ ಬಣ್ಣ ಹೋಗೋದೇ ಇಲ್ಲ, ಮುಗಿಯಿತು ಅಂದ್ಕೊಂಡು ನಿಲ್ಲಿಸಿಬಿಡ್ತಾರೆ. ಸಲ್ಫ್ಯೂರಿಕ್ ಆಮ್ಲ ಸಾಲದಿದ್ದರೆ ಶಂಕುಪಾತ್ರೆಯಲ್ಲಿ ಕಂದು ಗಸಿ ಏಳುತ್ತೆ, ಅದು ಮ್ಯಾಂಗನೀಸ್ ಡೈಆಕ್ಸೈಡ್. ಆ ರೀಡಿಂಗ್ ಬಿಟ್ಟುಬಿಡಿ, ತಿದ್ದೋಕಾಗಲ್ಲ. ಬ್ಯುರೆಟ್‌ನಲ್ಲಿ ಈ ದ್ರಾವಣ ಗಾಢ ಬಣ್ಣದ್ದು, ಕೆಳಗಿನ ಬಾಗು ಕಾಣಲ್ಲ, ಮೇಲಿನ ಅಂಚನ್ನೇ ಓದಬೇಕು. ಮೊದಲ ಓದೂ ಮೇಲಿಂದ, ಕೊನೆಯ ಓದೂ ಮೇಲಿಂದ.

ಬೀಕರ್250:
ಪಿಪೆಟ್ ತುದೀಲಿ ಉಳಿಯೋ ಹನಿ ಊದಬೇಕಾ ಬೇಡ್ವಾ? ಇದಕ್ಕೆ ಪ್ರತಿ ವರ್ಷ ಜಗಳ.

ಬ್ಯುರೆಟ್:
ಊದಬಾರದು. ತುದಿಯನ್ನು ಪಾತ್ರೆಯ ಗೋಡೆಗೆ ಮುಟ್ಟಿಸಿ ತೆಗೆಯಿರಿ. ಉಳಿಯೋ ಹನಿಯನ್ನು ಲೆಕ್ಕಕ್ಕೆ ಹಿಡಿದೇ 20 ಮಿ.ಲೀ. ಗೆರೆ ಹಾಕಿರೋದು.

ತುಂಬೆಹೂ:
ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಪ್ರಾಕ್ಟಿಕಲ್ ವಾರಕ್ಕೆ ಎಷ್ಟು ದಿನ? ದಿನಾ ಬಸ್ಸಲ್ಲಿ ಹೋಗಿ ಬರಬೇಕು, ಸಂಜೆ ಕೊನೇ ಬಸ್ ಸಿಗುತ್ತಾ ಅನ್ನೋದೂ ನೋಡಬೇಕು.

ಲ್ಯಾಬ್ ಏಪ್ರನ್:
ಮೂರು ವಿಷಯಕ್ಕೆ ಮೂರು ಮಧ್ಯಾಹ್ನ ಅಂತ ಇಟ್ಕೊಳ್ಳಿ, ತಲಾ 3–4 ಗಂಟೆ. ಬ್ಯಾಚ್ ಹಾಕುವಾಗ ಊರು ಹೇಳಿದರೆ ದೂರದವರನ್ನು ಬೇಗ ಬಿಡುವ ಬ್ಯಾಚ್‌ಗೆ ಹಾಕ್ತಾರೆ. ಆದರೆ ಕೇಳಬೇಕಾದ್ದು ಮೊದಲ ವಾರವೇ, ಪಟ್ಟಿ ಅಂಟಿಸಿದ ಮೇಲೆ ಬದಲಾಯಿಸಲ್ಲ. ಮತ್ತೆ, ಪಾಠ ತಪ್ಪಿದರೆ ನೋಟ್ಸ್ ಸಿಗುತ್ತೆ, ಪ್ರಾಕ್ಟಿಕಲ್ ತಪ್ಪಿದರೆ ಸಿಗಲ್ಲ. ಸೆಮಿಸ್ಟರಿಗೆ ಹೆಚ್ಚೆಂದರೆ ಹದಿನಾಲ್ಕು ತರಗತಿ ಸಿಗಬಹುದು. ಹಬ್ಬ, ಆಂತರಿಕ ಪರೀಕ್ಷೆ ಕಳೆದರೆ ಹನ್ನೊಂದು ಹನ್ನೆರಡು.

ಮಸೂರ:
ನೀಟ್ ಕೌನ್ಸೆಲಿಂಗ್ ಕಾಯುತ್ತಾ ಸೇರುವವರಿಗೂ ಇದೇ ಮಾತು. ಹೇಗೂ ಬಿಟ್ಟು ಹೋಗ್ತೀವಿ ಅಂತ ಮೊದಲ ತಿಂಗಳು ಬರಲ್ಲ, ಸೀಟು ಸಿಗದೆ ಅಕ್ಟೋಬರ್‌ನಲ್ಲಿ ಬರ್ತಾರೆ. ಸೂಕ್ಷ್ಮದರ್ಶಕ ಹಿಡಿಯೋದು, ಮೈಕ್ರೋಮೆಟ್ರಿ (ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಅಳೆಯೋದು), ಗಾಜಿನ ಸಾಮಾನು ಬಳಸೋದು ಎಲ್ಲ ಆ ತಿಂಗಳಲ್ಲೇ ಮುಗಿದಿರುತ್ತೆ, ಮತ್ತೆ ಹೇಳಿಕೊಡಲ್ಲ. ಹಾಜರಿ 75 ಪರ್ಸೆಂಟ್ ಬೇರೆ.

ಮೈಕ್ರೋಮೆಟ್ರಿ ಬಗ್ಗೆ ಒಂದು ಉದಾಹರಣೆ ಹೇಳಲೇಬೇಕು, ಮೊದಲ ಸೆಮಿಸ್ಟರಲ್ಲಿ ಅತಿ ಹೆಚ್ಚು ಅಂಕ ಹೋಗೋದು ಇಲ್ಲೇ. ಸ್ಲೈಡ್ ಜಾಗದಲ್ಲಿ ಇಡುವ ಸ್ಕೇಲು, ಅಂದರೆ ಸ್ಟೇಜ್ ಮೈಕ್ರೋಮೀಟರಿನ ಒಂದು ಮನೆ 10 ಮೈಕ್ರೋಮೀಟರ್. 45 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಕಣ್ಣಿಡುವ ಮಸೂರದೊಳಗಿನ ಸ್ಕೇಲಿನ 40 ಮನೆ ಸ್ಟೇಜಿನ 10 ಮನೆಗೆ ಕೂಡಿಕೊಂಡರೆ, 100ನ್ನು 40ರಿಂದ ಭಾಗಿಸಿ, ಒಂದು ಮನೆಗೆ 2.5 ಮೈಕ್ರೋಮೀಟರ್. ಈಸ್ಟ್ ಕೋಶ 2 ಮನೆ ಇದ್ದರೆ ಅಗಲ 5. ಈಗ ಯಾರೋ 10 ಪಟ್ಟಿನಲ್ಲಿ ಕ್ಯಾಲಿಬ್ರೇಟ್ ಮಾಡಿ, 11.25 ಅಂತ ಬರೆದುಕೊಂಡು, 45ಕ್ಕೆ ತಿರುಗಿಸಿ ಅಳೆದರು ಅನ್ನಿ. ಅದೇ ಈಸ್ಟ್ 22.5 ಆಗುತ್ತೆ. ಈಸ್ಟ್ ಅಷ್ಟು ದಪ್ಪ ಇರಲ್ಲ ಅಂತ ಅನುಮಾನ ಬರಬೇಕಿತ್ತು, ಬರಲ್ಲ, ಹಾಗೇ ರೆಕಾರ್ಡಿಗೆ ಹತ್ತಿಸ್ತಾರೆ. ಆಬ್ಜೆಕ್ಟಿವ್ ತಿರುಗಿಸಿದರೆ ಲೆಕ್ಕ ಮತ್ತೆ ಮೊದಲಿಂದ.

ಜರೀಗಿಡ:
ಸಸ್ಯಶಾಸ್ತ್ರದ ಕಡೆಯಿಂದ ಒಂದು ದೊಡ್ಡ ತಕರಾರು. ಸಿಲಬಸ್ಸಿಗೂ ಮಳೆಗೂ ತಾಳೆಯೇ ಇಲ್ಲ. ಹೂ ಬಿಡದ ಸಸ್ಯಗಳು ಎಷ್ಟೋ ಕಡೆ ಎರಡನೇ ಸೆಮಿಸ್ಟರ್‌ಗೆ ಬರ್ತವೆ, ಅಂದರೆ ಬೇಸಿಗೆಗೆ. ರಿಕ್ಸಿಯಾ ಸಿಗೋದು ಆಗಸ್ಟ್‌ನ ಒದ್ದೆ ನೆಲದಲ್ಲಿ, ಹಳೇ ಗೋಡೆ ಬುಡದಲ್ಲಿ. ನಾಸ್ಟಾಕ್ ಮಳೆ ಬಿದ್ದ ಮೈದಾನದಲ್ಲಿ ಹಸಿರು ಲೋಳೆ ಉಂಡೆಗಳಾಗಿ ಹರಡಿರುತ್ತೆ. ಮಾರ್ಚ್‌ನಲ್ಲಿ ಹುಡುಕಿದರೆ ಒಣಗಿದ ಹೊಟ್ಟು. ಆಮೇಲೆ ಹತ್ತು ವರ್ಷದ ಹಳೇ ಬಾಟಲಿಯಲ್ಲಿ ಬಿಳುಚಿದ್ದನ್ನು ತೋರಿಸಿ ಇದು ಮಾರ್ಕಾನ್ಷಿಯಾ ಅಂತಾರೆ. ಮಕ್ಕಳಿಗೆ ಅದು ಹಸಿರು ಅನ್ನೋದೂ ಗೊತ್ತಾಗಲ್ಲ.

ದಾರಿ ಇದೆ. ಮೊದಲ ಸೆಮಿಸ್ಟರ್ ನಡೀತಿರುವಾಗಲೇ ಮಳೆಗಾಲದಲ್ಲಿ ಆರಿಸಿ ಇಟ್ಟುಕೊಳ್ಳಬೇಕು. ಪಾಚಿಗೆ 4 ಪರ್ಸೆಂಟ್ ಫಾರ್ಮಲಿನ್ ಅಂದರೆ ಅಂಗಡಿಯ ಫಾರ್ಮಲಿನ್ 4 ಮಿ.ಲೀ. ಅಂತೂ ಅಲ್ಲ. ಅದರಲ್ಲಿರೋದೇ ಸುಮಾರು 40 ಪರ್ಸೆಂಟ್ ಫಾರ್ಮಾಲ್ಡಿಹೈಡ್. 10 ಮಿ.ಲೀ.ಗೆ 90 ಮಿ.ಲೀ. ನೀರು. ಜರೀಗಿಡಗಳಿಗೆ, ದಪ್ಪ ಭಾಗಗಳಿಗೆ ಎಫ್‌ಎಎ: 70 ಪರ್ಸೆಂಟ್ ಆಲ್ಕೊಹಾಲ್ 90, ಅಸಿಟಿಕ್ ಆಮ್ಲ 5, ಫಾರ್ಮಲಿನ್ 5. ಇದರಲ್ಲಿ ಹಸಿರು ಉಳಿಯಲ್ಲ, ಆದ್ದರಿಂದ ಹಾಕೋಕೆ ಮುಂಚೆ ಮೊಬೈಲಲ್ಲಿ ಫೋಟೋ ತೆಗೆದು ಬಾಟಲಿ ನಂಬರ್ ಜೊತೆ ಇಡಿ. ಕಿಟಕಿ ತೆರೆದು, ಕೈಗವಸು ಹಾಕಿ, ಅಧ್ಯಾಪಕರ ಎದುರೇ ಮಾಡಿ. ಮನೆಗೆ ಫಾರ್ಮಲಿನ್ ತರಬೇಡಿ.

ಕಡಲತೀರ:
ಪಾಚಿ ಅಂದ್ರಿ. ಪಿಯು ಪುಸ್ತಕದ ಶೈವಲ ಅದೇ ತಾನೆ? ಮತ್ತೆ ಹಾವಸೆ ಯಾವುದು? ಊರಲ್ಲಿ ಅಂಗಳದಲ್ಲಿ ಕಾಲು ಜಾರಿಸೋದೆಲ್ಲಾ ಪಾಚಿಯೇ.

ಜರೀಗಿಡ:
ಆಡುಮಾತಲ್ಲಿ ಎರಡೂ ಒಂದೇ ಥರ ಬಳಕೆ. ಪಾಠದಲ್ಲಿ ಶೈವಲ ಅಂದರೆ ಸ್ಪೈರೋಗೈರಾ ಥರದ್ದು, ಹಾವಸೆ ಅಂದರೆ ಮಾಸ್ ಮತ್ತು ರಿಕ್ಸಿಯಾ ಇರೋ ಗುಂಪು. ಅಂಗಳದ ಜಾರಿಕೆಯಲ್ಲಿ ಎರಡೂ ಇರಬಹುದು. ಚಿಟಿಕೆಯಷ್ಟು ಕೆರೆದು ನೀರಲ್ಲಿ ಹಾಕಿ ನೋಡಿ. ಪುಟ್ಟ ಕಾಂಡ, ಸುತ್ತ ಎಲೆ ಕಂಡರೆ ಮಾಸ್. ಬರೀ ಎಳೆ ಅಥವಾ ಲೋಳೆ ಇದ್ದರೆ ಪಾಚಿ. ನಾಸ್ಟಾಕ್ ಮಾತ್ರ ಊರಲ್ಲಿ ಪಾಚಿ, ಪಾಠದಲ್ಲಿ ಸಯನೋಬ್ಯಾಕ್ಟೀರಿಯ. ಉತ್ತರಪತ್ರಿಕೆಯಲ್ಲಿ ಅದನ್ನು ಶೈವಲದ ಗುಂಪಿಗೆ ಸೇರಿಸಿದರೆ ಅಂಕ ಹೋಗುತ್ತೆ.

ತುಂಬೆಹೂ:
ಪ್ರಾಣಿಶಾಸ್ತ್ರದಲ್ಲಿ ಕಪ್ಪೆ ಕೊಯ್ಯಬೇಕಾ? ಅವಳಿಗೆ ಅದೊಂದೇ ಹೆದರಿಕೆ.

ಲ್ಯಾಬ್ ಏಪ್ರನ್:
ಇಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2011ರಲ್ಲಿ ಹಂತಹಂತವಾಗಿ ಕಡಿಮೆ ಮಾಡಿ ಅಂತು, 2014ರಲ್ಲಿ ಪೂರ್ತಿ ನಿಲ್ಲಿಸಿ ಅಂತು. ಈಗ ಚಾರ್ಟ್, ಮಾದರಿ, ಕಂಪ್ಯೂಟರಿನ ವಿಡಿಯೋ. ಧೈರ್ಯವಾಗಿ ಸೇರಲಿ.

ಕಡಲತೀರ:
ಆದರೆ ಮಾರುಕಟ್ಟೆಗೆ ಊಟಕ್ಕೆ ಬರುವ ಸೀಗಡಿಯ ಉಪಾಂಗ ಬಿಡಿಸಿ ಕಾರ್ಡಿಗೆ ಅಂಟಿಸೋದನ್ನು ಕೆಲವು ವಿಭಾಗ ಉಳಿಸಿಕೊಂಡಿವೆ. ಚಾರ್ಟಿಗಿಂತ ಅದು ಸಾವಿರ ಪಾಲು ಮೇಲು. ಒಟ್ಟು 19 ಜೊತೆ: ತಲೆಗೆ 5, ಎದೆಗೆ 8, ಹೊಟ್ಟೆಗೆ 6. ಹಿಂದಿನಿಂದ ಶುರು ಮಾಡಿ, ಬಾಲದ ಬದಿಯ ಯೂರೋಪಾಡ್‌ನಿಂದ ಮುಂದಕ್ಕೆ. ಬಾಯಿ ಕಡೆಯಿಂದ ಶುರು ಮಾಡಿದವರದು ಸಣ್ಣ ಮ್ಯಾಕ್ಸಿಲಾಗಳು ಒಂದರೊಳಗೊಂದು ಸಿಕ್ಕಿ ಹರಿದುಹೋಗ್ತವೆ. ಪ್ರತಿಯೊಂದನ್ನೂ ಬುಡದ ಕೀಲಿನಲ್ಲಿ ಇಕ್ಕಳದಿಂದ ಹಿಡಿದು ಎಳೆಯಬೇಕು, ನಡುವೆ ಹಿಡಿದರೆ ಬುಡ ಮೈಯಲ್ಲೇ ಉಳಿಯುತ್ತೆ. ಒಂದೇ ಬದಿಯದನ್ನು ತೆಗೀರಿ, ಎಡ ಬಲ ಬೆರೆಸಬೇಡಿ. ನಡೆಯುವ ಕಾಲುಗಳಲ್ಲಿ ಎರಡನೆಯದೇ ಅತಿ ದೊಡ್ಡದು, ಇಕ್ಕಳ ಇರೋದು ಮೊದಲ ಎರಡು ಜೊತೆಗೆ.

ಹಿನ್ನೀರು:
ತಿದ್ದುಪಡಿ. ಅದು ಸಿಹಿನೀರಿನ ಮ್ಯಾಕ್ರೋಬ್ರಾಕಿಯಂ. ಪಠ್ಯದ ಚಿತ್ರ ಹೆಚ್ಚಾಗಿ ಅದರದೇ. ಕಡಲಿನ ಪೀನಿಯಿಡ್ ಸೀಗಡಿ ತಂದರೆ ಮೊದಲ ಮೂರು ಜೊತೆ ಕಾಲಿಗೂ ಇಕ್ಕಳ ಇರುತ್ತೆ. ಎರಡನೆಯದು ಆ ಥರ ಎದ್ದು ಕಾಣಲ್ಲ. ಕರಾವಳಿ ಕಾಲೇಜುಗಳಲ್ಲಿ ಮಾರುಕಟ್ಟೆಯಿಂದ ಕಡಲಿನದು ತಂದು, ಪುಸ್ತಕ ನೋಡಿ ಲೇಬಲ್ ಬರೆದು ತಪ್ಪು ಮಾಡೋದು ಇಲ್ಲೇ.

ಕಡಲತೀರ:
ಒಪ್ಪಿದೆ, ಹಾಗೆ ಬಿಡಿಸಿ ಹೇಳಬೇಕಿತ್ತು. ಕುಂದಾಪುರದ ಕಡೆ ಚಟ್ಲಿ ಅಂತೀವಲ್ಲ, ಅದರಲ್ಲೂ ಎರಡೂ ಸೇರಿಕೊಂಡಿರುತ್ತೆ.

ಬೀಕರ್250:
ಚಟ್ಲಿ ಅಂದ್ಮೇಲೆ ಪ್ರಾಕ್ಟಿಕಲ್ ಮುಗಿಸಿ ಮನೆಗೆ ಹೋಗೋದೇ ಸರಿ. ಈರುಳ್ಳಿ ಬೇರಿನ ವಿಷಯ ಯಾರಾದ್ರೂ ಬರೀರಿ, ಪರೀಕ್ಷೇಲಿ ಅರ್ಧ ಕ್ಲಾಸಿಗೆ ಕೋಶ ವಿಭಜನೆ ಕಾಣೋದೇ ಇಲ್ಲ.

ಮಸೂರ:
ಕಾಣದಿರೋದಕ್ಕೆ ಕಾರಣ ಸ್ಲೈಡ್ ಮಾಡುವಾಗಿನ ತಪ್ಪು ಕಾಲು ಭಾಗ, ಬೇರು ಬೆಳೆಸುವಾಗಿನದು ಮುಕ್ಕಾಲು.

ಈರುಳ್ಳಿ ಬುಡದ ಒಣ ಬೇರು ಕೆರೆದು ತೆಗೆಯಿರಿ, ತಟ್ಟೆಯಂಥ ಬುಡಕ್ಕೆ ಗಾಯ ಆಗಬಾರದು. ಬಾಟಲಿ ಬಾಯಿ ಮೇಲೆ ಕೂರಿಸಿ ನೀರು ಬುಡಕ್ಕೆ ಸೋಕುವಷ್ಟು ಮಾತ್ರ. ಮುಳುಗಿಸಿದರೆ ಕೊಳೆಯುತ್ತೆ. ದಿನಾ ನೀರು ಬದಲಿಸಿ. ಮೊಳಕೆ ಬರದಂತೆ ಸಂಸ್ಕರಿಸಿದ ಈರುಳ್ಳಿ ಬೇರು ಬಿಡಲ್ಲ, ಹಾಗಾಗಿ ಎರಡು ಮೂರು ಅಂಗಡಿಯದು ಇಡಿ. ಬೇರು 1–2 ಸೆಂ.ಮೀ. ಇದ್ದಾಗ ಬೆಳಗ್ಗೆ ಕತ್ತರಿಸಿ ಕಾರ್ನಾಯ್ ದ್ರಾವಣಕ್ಕೆ ಹಾಕಿ: ಆಲ್ಕೊಹಾಲ್ 3 ಪಾಲು, ಗ್ಲೇಸಿಯಲ್ ಅಸಿಟಿಕ್ ಆಮ್ಲ 1 ಪಾಲು, ಆ ದಿನವೇ ಬೆರೆಸಿದ್ದು. 24 ಗಂಟೆ ಆದ ಮೇಲೆ 70 ಪರ್ಸೆಂಟ್ ಆಲ್ಕೊಹಾಲಿಗೆ. ಉದ್ದ ಬೇರು ಬಂದಷ್ಟೂ ಒಳ್ಳೇದು ಅಂತ ವಾರ ಬಿಡ್ತಾರೆ, ಆಗ ತುದಿಯ ಬೆಳವಣಿಗೆ ನಿಧಾನ ಆಗಿ ವಿಭಜಿಸುವ ಕೋಶ ಕಡಿಮೆಯಾಗಿರುತ್ತೆ.

ಸ್ಲೈಡಿಗೆ: ಬೇರನ್ನು 1 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಯಲ್ಲಿ ಐದಾರು ನಿಮಿಷ. ನೀರಲ್ಲಿ ತೊಳೆದು ಅಸಿಟೋಕಾರ್ಮಿನ್ ಅನ್ನೋ ಕೆಂಪು ಬಣ್ಣದಲ್ಲಿ ಬಿಡಿ, ದೀಪದ ಮೇಲೆ ಸವರಿದಂತೆ ಬೆಚ್ಚಗೆ ಮಾಡಿ, ಕುದಿಯಬಾರದು. ತುದಿ ಹೆಚ್ಚು ಕೆಂಪಾಗುತ್ತೆ. ಆ ಕೆಂಪಾದ 2 ಮಿ.ಮೀ. ಮಾತ್ರ ಇಟ್ಕೊಂಡು ಉಳಿದದ್ದು ಎಸೆಯಿರಿ. ಇಲ್ಲೇ ಜಿಪುಣತನ ತೋರಿಸ್ತಾರೆ, ಇಡೀ ಬೇರು ಹಾಕ್ತಾರೆ. ಆಗ ಕಾಣೋದು ಉದ್ದುದ್ದ ಸುಮ್ಮನಿರುವ ಕೋಶಗಳೇ. 45 ಪರ್ಸೆಂಟ್ ಅಸಿಟಿಕ್ ಆಮ್ಲದ ಒಂದು ಹನಿ, ಕವರ್‌ಸ್ಲಿಪ್, ಮೇಲೆ ಬ್ಲಾಟಿಂಗ್ ಪೇಪರ್. ಸೂಜಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಆಮೇಲೆ ಹೆಬ್ಬೆರಳಲ್ಲಿ ನೇರ ಕೆಳಕ್ಕೆ ಒತ್ತಿ. ಬೆರಳು ಒಂದು ಕೂದಲೆಳೆ ಪಕ್ಕಕ್ಕೆ ಜಾರಿದರೂ ಕೋಶಗಳು ಸುರುಳಿ ಸುತ್ತಿಕೊಂಡು ಗೆರೆಯಾಗ್ತವೆ. ಚೆನ್ನಾಗಿ ಬಂದ ಮೆಟಾಫೇಸ್ (ವರ್ಣತಂತುಗಳು ನಡುವೆ ಸಾಲಾಗಿ ನಿಲ್ಲುವ ಹಂತ) ಸಿಕ್ಕರೆ ವರ್ಣತಂತು ಎಣಿಸಿ, 16 ಇರಬೇಕು.

ಹಿನ್ನೀರು:
ಬಣ್ಣ ತೆಳುವಾಗಿ ಕಂಡರೆ ತುಕ್ಕು ಹಿಡಿದ ಸೂಜಿಯ ತುದಿಯಿಂದ ಆ ಅಸಿಟೋಕಾರ್ಮಿನ್ ಹನಿಯಲ್ಲಿ ಒಮ್ಮೆ ಕಲಕಿ. ಚೂರು ಕಬ್ಬಿಣ ಸೇರಿದರೆ ವರ್ಣತಂತು ಗಾಢವಾಗುತ್ತೆ. ಜಾಸ್ತಿ ಆದರೆ ಎಲ್ಲಾ ಕಪ್ಪು.

ಅಂಕಪಟ್ಟಿ:
ರೆಕಾರ್ಡ್ ಬಗ್ಗೆ ಯಾರೂ ಹೇಳಿಲ್ಲ. ಪ್ರಯೋಗ ಪರೀಕ್ಷೆಯ ದಿನ ಸಹಿ ಆದ ರೆಕಾರ್ಡ್ ಇಲ್ಲದಿದ್ದರೆ ಒಳಗೇ ಬಿಡದ ಕಡೆ ಬಹಳ. ಪ್ರತಿ ವಾರದ್ದು ಮುಂದಿನ ವಾರದ ತರಗತಿಯೊಳಗೆ ಸಹಿ ಆಗಬೇಕು. ಚಿತ್ರ ಪೆನ್ಸಿಲ್ಲಲ್ಲಿ, ಖಾಲಿ ಪುಟದಲ್ಲಿ. ಹೆಸರಿಸುವ ಗೆರೆಗಳು ಒಂದಕ್ಕೊಂದು ಅಡ್ಡ ಹಾಯಬಾರದು, ಬಲಗಡೆಗೆ ಒಂದೇ ಸಾಲಿಗೆ ಬರಬೇಕು. ಮುಖ್ಯವಾಗಿ ಕಂಡದ್ದನ್ನು ಬರೀರಿ. ಸೀನಿಯರ್ ರೆಕಾರ್ಡಿಂದ ಇಳಿಸಿದ ಚಿತ್ರ ವೈವಾದಲ್ಲಿ ಎರಡನೇ ಪ್ರಶ್ನೆಗೇ ಬಯಲಾಗುತ್ತೆ.

ಸ್ಪಾಟರ್‌ಗೂ (ಇಟ್ಟಿರೋ ಮಾದರಿ ನೋಡಿ ಗುರುತಿಸುವ ಪ್ರಶ್ನೆ) ಒಂದು ಮಾತು. ಗಂಟೆ ಹೊಡೆದ ಮೇಲೆ ಎರಡು ನಿಮಿಷ ಅಷ್ಟೇ. ಮೊದಲು ಹೆಸರು, ಆಮೇಲೆ ವರ್ಗ, ಆಮೇಲೆ ಕಣ್ಣಿಗೆ ಕಾಣುವ ಎರಡು ಲಕ್ಷಣ. ಪುಸ್ತಕದ ಲಕ್ಷಣ ಬರೆದು ಬಾಟಲಿಯಲ್ಲಿ ಅದು ಇಲ್ಲದಿದ್ದರೆ ಅಂಕ ಇಲ್ಲ.

ಬೀಕರ್250:
ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಬಿಎಸ್ ಕೂಡ ಒಂದು ದಾರಿ ಅಲ್ವಾ? 2011ರಿಂದ ಇದೆ, ನಾಲ್ಕು ವರ್ಷ.

ಜರೀಗಿಡ:
ದಾರಿ ಹೌದು, ಆದರೆ ಪೂರ್ತಿ ಬೇರೆ ರಚನೆ. ಅಲ್ಲಿ ಶುರುವಿನ ಸೆಮಿಸ್ಟರ್‌ಗಳಲ್ಲಿ ಎಲ್ಲರಿಗೂ ಗಣಿತ, ಭೌತ, ರಸಾಯನ, ಜೀವಶಾಸ್ತ್ರ ಕಡ್ಡಾಯ, ಜೀವಶಾಸ್ತ್ರ ಮೇಜರ್ ಬೇಕೆಂದವರೂ ಗಣಿತ ಬಿಡೋಹಾಗಿಲ್ಲ. ಪ್ರವೇಶವೂ ರಾಷ್ಟ್ರಮಟ್ಟದ ಪರೀಕ್ಷೆಯಿಂದ. ಶಿಕ್ಷಕಿ ಆಗಬೇಕೆಂದಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ನಾಲ್ಕು ವರ್ಷದ ಬಿಎಸ್ಸಿ ಬಿಎಡ್ ನೋಡಿ, ಅದಕ್ಕೂ ಪ್ರತ್ಯೇಕ ಪ್ರವೇಶ ಪರೀಕ್ಷೆ.

ತುಂಬೆಹೂ:
ಎಲ್ಲರಿಗೂ ತುಂಬಾ ಧನ್ಯವಾದ. ಮನೆಯಲ್ಲಿ ಓದಿ ಹೇಳಿದೆ, ಸಿಬಿಜೆಡ್ ಅಂತಲೇ ಆಯ್ತು. ನಾಳೆ ವಿಭಾಗಕ್ಕೆ ಹೋಗಿ ಆ ಮೂರು ಪ್ರಶ್ನೆ ಕೇಳ್ತೀವಿ. ಮೊದಲ ವಾರಕ್ಕೆ ಏನು ಕೊಳ್ಳಬೇಕು, ಅದೊಂದು ಹೇಳಿಬಿಡಿ.

ಲ್ಯಾಬ್ ಏಪ್ರನ್:
ತೋಳು ಉದ್ದದ ಹತ್ತಿ ಏಪ್ರನ್, ನೈಲಾನ್ ಬೇಡ, ಬರ್ನರ್ ಹತ್ತಿರ ಅಪಾಯ. ಮೂರು ರೆಕಾರ್ಡ್, ಆದರೆ ವಿಭಾಗ ಯಾವ ಅಳತೆಯದು ಹೇಳುತ್ತೋ ಅಲ್ಲಿವರೆಗೆ ಕೊಳ್ಳಬೇಡಿ. ಎಚ್‌ಬಿ ಮತ್ತು 2ಎಚ್ ಪೆನ್ಸಿಲ್. ಒಂದು ಚೂಪು ಇಕ್ಕಳ, ಎರಡು ಸೂಜಿ, ಸೊನ್ನೆ ನಂಬರಿನ ಬ್ರಶ್, ಹೊಸ ಬ್ಲೇಡು, ಹಳೇ ಹತ್ತಿ ಬಟ್ಟೆಯ ತುಂಡು. ಅಂಗಡಿಯವರು ಕೊಡೋ ಹದಿನಾಲ್ಕು ಸಾಮಾನಿನ ಡಿಸೆಕ್ಷನ್ ಬಾಕ್ಸ್ ಬೇಕಿಲ್ಲ.

ಮಸೂರ:
ಬ್ಲೇಡನ್ನು ಪೆನ್ಸಿಲ್ ಕೆತ್ತೋಕೆ ಬಳಸಬೇಡ ಅಂತ ಹೇಳಿ. ಒಮ್ಮೆ ಕೆತ್ತಿದ ಬ್ಲೇಡಲ್ಲಿ ಕಾಂಡದ ತೆಳು ಸೀಳು ಬರಲ್ಲ, ಹರಿಯುತ್ತೆ.